ತಗಡಿನ ಶೆಡ್ಡಿನವರು ಹಾಡಿದ ಕ್ಯಾರೊಲ್

ನೆಸ್ಟಾ ಬೆಬ್ ಅಂದರೆ ಯಾರು ಎಂದು ನಮ್ಮ ಟಾನಟ್ ಕಣಿವೆಯಲ್ಲಿ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕುರಿ ಸಾಕುವವರಿಗೆ ಅವಳು ಬ್ರಿನ್ ಐತಿನ್ ಒಕ್ಕಲಿನ ಇದ್ವಲನ ಮಗಳು. ಶಾಲೆ ಮಕ್ಕಳಿಗೆ ಬಸ್ಸು ಓಡಿಸುವ ನೆಸ್ಟಾ. ಹಿಂದಿನ ಸೀಟಿನಲ್ಲಿ ಗಲಾಟೆ ಮಾಡಿದರೆ ಕನ್ನಡಿಯಲ್ಲೇ ಕಣ್ಣು ಬಿಟ್ಟು ತೆಪ್ಪಗಾಗಿಸುವವಳು. ಆ ಮಕ್ಕಳ ಅಪ್ಪ ಅಮ್ಮಂದಿರನ್ನು ಕೇಳಿದರೆ ಮಾತ್ರ ಮುಖ ಅರಳುತ್ತದೆ. "ಅಯ್ಯೋ, ಶೆಡ್ ಸಿಂಕ್‌ನ ನೆಸ್ಟಾ ಅಲ್ವಾ! ನಾವು ಹದಿನೆಂಟರವರಿದ್ದಾಗ ಅವರ ಹಾಡಿಗೆ ಕುಣಿದು ಕುಣಿದು ಬೂಟು ಹರ್ಕೊಂಡಿದ್ವಿ" ಎನ್ನುತ್ತಾರೆ.

ಶೆಡ್ ಸಿಂಕ್ ಅಂದರೆ ನಮ್ಮ ವೇಲ್ಸ್ ಮಾತಿನಲ್ಲಿ ತಗಡಿನ ಶೆಡ್ಡು, ಅಷ್ಟೇ. ಹಾಡಿನ ತಂಡಕ್ಕೆ ಹೆಸರಿಡಲು ಮೂವರೂ ಮೂರು ವಾರ ತಲೆ ಕೆರೆದುಕೊಂಡರು. ಕೊನೆಗೆ ಪೋಸ್ಟರ್ ಬರೆಯಲು ಕೂತ ಮಾಲ್ಡ್ವಿನ್‌ನ ತಂಗಿ ಕುಂಚ ಎತ್ತಿ ಹಿಡಿದು, "ಬಣ್ಣ ಒಣಗ್ತಾ ಇದೆ, ಏನು ಬರೀಲಿ ಹೇಳ್ರೋ" ಎಂದು ರೇಗಿದಾಗ ಮಾಲ್ಡ್ವಿನ್ ಸುತ್ತ ಒಮ್ಮೆ ಕಣ್ಣಾಡಿಸಿ, ಕಂಡದ್ದನ್ನು ಹೇಳಿಬಿಟ್ಟ. ಅದು ತೊಂಬತ್ತನಾಲ್ಕನೇ ಇಸವಿ. ಮಾಲ್ಡ್ವಿನ್ ಹಿಂಡಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ, ಸಂಜೆ ಡ್ರಮ್ಮು ಬಾರಿಸುತ್ತಿದ್ದ. ಬಡಗಿಯ ಮಗ ಗೆತಿನ್ ಹಾಡು ಕಟ್ಟಿ ಹಾಡುತ್ತಿದ್ದ. ನೆಸ್ಟಾ ಬೇಸ್ ಗಿಟಾರ್. ಅವಳಿಗೆ ಹತ್ತೊಂಬತ್ತು ವರ್ಷ.

ಶೆಡ್ಡು ಅಪ್ಪನದು. ಕುರಿಯ ಉಣ್ಣೆ ಕತ್ತರಿಸುವ ಜಾಗ. ಮೊದಲ ಸಂಜೆ ಮೂವರೂ ಸೇರಿ ತಗಡು ಕಿತ್ತುಹೋಗುವಂತೆ ಬಾರಿಸಿದರು. ಅರ್ಧ ಗಂಟೆಗೆ ಇದ್ವಲ್ ಬಾಗಿಲಲ್ಲಿ ಬಂದು ನಿಂತ. ನೆಸ್ಟಾ ತಂತಿಯ ಮೇಲೆ ಕೈ ಒತ್ತಿ, "ಕುರಿಗಳು ಹೆದರ್ಕೊಂಡ್ವಾ ಅಪ್ಪ?" ಎಂದಳು.

"ಕುರಿಗೇನೂ ಆಗಿಲ್ಲ. ನಾಯಿ ಮಾತ್ರ ಮನೆ ಬಿಟ್ಟು ಹೋಗ್ತೀನಿ ಅಂತಿದೆ."

ಅಷ್ಟು ಹೇಳಿ ಹೋದವನು ಮರುದಿನ ಉಣ್ಣೆ ತುಂಬಿದ ದೊಡ್ಡ ಚೀಲಗಳನ್ನು ತಾನೇ ಹೊತ್ತು ತಂದು ಗೋಡೆಗೆ ಒರಗಿಸಿಕೊಟ್ಟ. ಸದ್ದು ಹದಕ್ಕೆ ಬಂತು. ನಾಯಿಯೂ ಉಳಿಯಿತು.

ವ್ಯಾನು ಕೂಡ ಅಪ್ಪನದೇ. ವಾರವಿಡೀ ಅದರಲ್ಲಿ ಟಗರು ಸಾಗಿಸಿ, ಶನಿವಾರ ತೊಳೆದು ಡ್ರಮ್ಮು ತುಂಬಿಕೊಂಡು ಹೋಗುತ್ತಿದ್ದರು. ಎಷ್ಟು ತೊಳೆದರೇನು, ವಾಸನೆ ಹೋಗಬೇಕಲ್ಲ! ಕಾರ್ಡಿಫ್‌ನ ಒಂದು ಕ್ಲಬ್ಬಿನ ಬಾಗಿಲು ಕಾಯುವವ ಮೂಗು ಮುಚ್ಚಿಕೊಂಡು, "ಒಳಗೆ ಏನಿದೆ?" ಎಂದ. "ಡ್ರಮ್ಮು" ಎಂದ ಮಾಲ್ಡ್ವಿನ್. "ಸತ್ತು ಎಷ್ಟು ದಿನ ಆಯ್ತು?" ಎಂದನಂತೆ ಆ ಪುಣ್ಯಾತ್ಮ. ಆ ರಾತ್ರಿ ಕೇಳಲು ಬಂದವರು ಹದಿನಾಲ್ಕು ಜನ, ಅದರಲ್ಲಿ ಐವರು ಮಳೆ ತಪ್ಪಿಸಿಕೊಳ್ಳಲು ಬಂದವರು. ಅಷ್ಟು ದೂರ ಹೋಗಿ ಹಾಡಿ, ನಾಲ್ಕು ಗಂಟೆ ವ್ಯಾನು ಓಡಿಸಿಕೊಂಡು ಬಂದರೆ, ಬೆಳಿಗ್ಗೆ ನೆಸ್ಟಾ ಏಳುವಷ್ಟರಲ್ಲಿ ಅವಳ ಪಾಲಿನ ಹಸುಗಳ ಹಾಲು ಕರೆದಾಗಿರುತ್ತಿತ್ತು. ಅಪ್ಪ ಕರೆದೆ ಎನ್ನುತ್ತಿರಲಿಲ್ಲ, ಮಗಳು ಉಪಕಾರವಾಯಿತು ಎನ್ನುತ್ತಿರಲಿಲ್ಲ. ಬ್ರಿನ್ ಐತಿನ್‌ನಲ್ಲಿ ಅಂಥ ಮಾತಿನ ರೂಢಿಯೇ ಇಲ್ಲ.

ಲಂಡನ್ನಿನ ಒಂದು ರೆಕಾರ್ಡ್ ಕಂಪನಿಯವ ಒಮ್ಮೆ ಕಾರು ಮಾಡಿಕೊಂಡು ಶೆಡ್ಡಿಗೇ ಬಂದ. ಒಳ್ಳೆಯ ಬೂಟು ಹಾಕಿಕೊಂಡು ಬಂದಿದ್ದ, ಪಾಪ. ಇಂಗ್ಲಿಷಿನಲ್ಲಿ ಹಾಡಿದರೆ ಮಾರ್ಚಿನಲ್ಲಿ ಹನ್ನೆರಡು ಊರಿಗೆ ಕರೆದೊಯ್ಯುತ್ತೇನೆಂದ. "ಮಾರ್ಚಿನಲ್ಲಿ ಆಗಲ್ಲ. ಕುರಿ ಮರಿ ಹಾಕೋ ಕಾಲ" ಎಂದ ಗೆತಿನ್. ತಮಾಷೆ ಇರಬೇಕೆಂದು ಆತ ನಕ್ಕ. ಬೇರೆ ಯಾರೂ ನಗಲಿಲ್ಲ. ಬಂದವನ ಮರ್ಯಾದೆಗೆ ಎರಡು ಹಾಡನ್ನು ಇಂಗ್ಲಿಷಿನಲ್ಲಿ ಹಾಡಿ ತೋರಿಸಿದರು. ಆತ ಹೋದ ಮೇಲೆ ಗೆತಿನ್ ಗಿಟಾರು ಕೆಳಗಿಟ್ಟು, "ನನ್ನ ಬಾಯಿ ಯಾರಿಗೋ ಬಾಡಿಗೆಗೆ ಕೊಟ್ಟ ಹಾಗಿತ್ತು" ಎಂದ. ಆ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಉತ್ತರದ ಕಡೆ ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದ ಒಂದು ಚಿಕ್ಕ ಕಂಪನಿ ಇವರ ಮೊದಲ ರೆಕಾರ್ಡು ತರುತ್ತೇವೆಂದಿತು. ಅವರಿಗೆ ಮರಿ ಹಾಕುವ ಕಾಲ ಯಾವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ತೊಂಬತ್ತೆಂಟರ ಶರತ್ಕಾಲ. ಸ್ಟುಡಿಯೊದಲ್ಲಿ ಮೂರು ದಿನ. ಮೂರನೇ ದಿನ ಎರಡು ಗಂಟೆ ಹೊತ್ತು ಉಳಿದಿತ್ತು, ಒಂದು ಹಾಡು ಕಡಿಮೆ ಬಿದ್ದಿತ್ತು. ಗೆತಿನ್ ಗೀಚಿದ್ದನ್ನೆಲ್ಲ ಹರಿದು ಹಾಕುತ್ತಿದ್ದ. ನೆಸ್ಟಾ ಸುಮ್ಮನೆ ಕೂತು ಬೇಸರಕ್ಕೆ ಏನೋ ಗುನುಗುತ್ತಿದ್ದಳು. ಗೆತಿನ್ ತಲೆಯೆತ್ತಿ, "ಅದೇನದು?" ಎಂದ.

"ನಮ್ಮನೆ ಕ್ಯಾರೊಲ್."

"ಇನ್ನೊಂದ್ಸಲ ಹೇಳು."

ಇಲ್ಲಿ ಒಂದು ಮಾತು ಹೇಳಲೇಬೇಕು. ಕ್ರಿಸ್ಮಸ್ಸಿನಿಂದ ಹಿಡಿದು ಜನವರಿ ಮುಗಿಯುವವರೆಗೆ ನಮ್ಮ ಕಡೆ ಚರ್ಚುಗಳಲ್ಲಿ ಪ್ಲಗೈನ್ ನಡೆಯುತ್ತದೆ. ಏಸುವಿನ ಹುಟ್ಟನ್ನು ಹಾಡುವ ಕ್ಯಾರೊಲ್‌ಗಳ ಸಂಜೆ. ಒಂದೊಂದು ಮನೆಯದು ಒಂದೊಂದು ಮೇಳ; ಮೂವರೋ ನಾಲ್ವರೋ. ಯಾರ ನಂತರ ಯಾರೆಂದು ಕೂಗುವವರಿಲ್ಲ. ಒಂದು ಮೇಳ ಹಾಡಿ ಬೆಂಚಿಗೆ ಮರಳಿದರೆ ಇನ್ನೊಂದು ತಾನಾಗಿ ಎದ್ದು ಮುಂದೆ ಹೋಗುತ್ತದೆ. ವಾದ್ಯವಿಲ್ಲ, ಚಪ್ಪಾಳೆಯಂತೂ ಇಲ್ಲವೇ ಇಲ್ಲ. ಏನು ಹಾಡುತ್ತೇವೆಂದು ಯಾರೂ ಮೊದಲೇ ಬಾಯಿ ಬಿಡುವುದಿಲ್ಲ, ಕೇಳುವುದೂ ತಪ್ಪು. ಒಮ್ಮೆ ಹಾಡಿದ ಕ್ಯಾರೊಲ್ಲನ್ನು ಅದೇ ಸಂಜೆ ಮತ್ತೆ ಯಾರೂ ಹಾಡಕೂಡದು. ಅದಕ್ಕೇ ಒಂದೊಂದು ಮನೆ ತನ್ನ ಕ್ಯಾರೊಲ್ಲನ್ನು ಕೈಬರಹದ ಪುಸ್ತಕದಲ್ಲಿಟ್ಟು ಕಾಪಾಡಿಕೊಂಡು ಬಂದಿರುತ್ತದೆ. ಬ್ರಿನ್ ಐತಿನ್‌ನದು ಒಂಬತ್ತು ಚರಣದ್ದು, ಐದು ತಲೆಮಾರಿನದು. ಇದ್ವಲ್, ಅವನ ತಮ್ಮ, ಒಬ್ಬ ದಾಯಾದಿ ಮೂವರೂ ನಲವತ್ತು ವರ್ಷ ತಪ್ಪದೆ ಅದನ್ನು ಹಾಡಿದ್ದರು. ಬೇರೆ ಮನೆಯವರಿಗೆ ಅದು ವರ್ಷಕ್ಕೊಮ್ಮೆ ಕಿವಿಗೆ ಬೀಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ನೆಸ್ಟಾ ಅಪ್ಪನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಮರೆತಳು ಎಂದಲ್ಲ, ಕೇಳಬೇಕಾದ ವಿಷಯ ಎಂದೇ ತೋಚಲಿಲ್ಲ. ಮನೆಯ ಹಾಡು, ತಾನು ಮನೆಯವಳು, ಇಷ್ಟೇ ಅವಳ ಲೆಕ್ಕ. ಎರಡು ಗಂಟೆಯೊಳಗೆ ಡ್ರಮ್ಮು ಗಿಟಾರು ಎಲ್ಲ ಸೇರಿಸಿ ಮುಗಿಸಿದರು. ಆ ರೆಕಾರ್ಡಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಅದೇ. ಡಿಸೆಂಬರ್ ತುಂಬ ರೇಡಿಯೊದವರು ದಿನಕ್ಕೆ ಮೂರು ಸಲ ಹಾಕಿದರು. ಅಂಗಡಿಯಲ್ಲಿ, ದನದ ಸಂತೆಯಲ್ಲಿ, ಹಾಲು ಕರೆಯುವ ಕೊಟ್ಟಿಗೆಯಲ್ಲಿ ಅದೇ ಹಾಡು. ಕೊಟ್ಟಿಗೆಯಲ್ಲಿ ಮೊದಲ ಸಲ ಕೇಳಿದಾಗ ಇದ್ವಲ್ ಕೆಚ್ಚಲು ಒರೆಸುವುದನ್ನು ನಿಲ್ಲಿಸಿ ಕೊನೆಯವರೆಗೆ ನಿಂತಿದ್ದ. ಆಮೇಲೆ "ಹ್ಞೂಂ" ಎಂದು ಕೆಲಸ ಮುಂದುವರಿಸಿದ.

ಜನವರಿಯ ಪ್ಲಗೈನ್‌ಗೆ ಚರ್ಚು ತುಂಬಿತ್ತು. ಬ್ರಿನ್ ಐತಿನ್‌ನವರು ಏಳುವುದು ವಾಡಿಕೆಯಂತೆ ಕೊನೆಯಲ್ಲಿ. ಅವರಿಗಿಂತ ಎರಡು ಮೇಳ ಮೊದಲು ಎಲಿಸ್ ಎದ್ದ. ಎಲಿಸ್ ಊರೂರು ತಿರುಗಿ ಕುರಿಯ ಉಣ್ಣೆ ಕತ್ತರಿಸಿಕೊಡುವವ. ದಪ್ಪ ಕತ್ತು, ದಪ್ಪ ದನಿ, ಮನಸ್ಸಿನಲ್ಲಿ ಕಪಟವಿಲ್ಲ. ಇಬ್ಬರು ಮಕ್ಕಳೊಡನೆ ಮುಂದೆ ಹೋಗಿ ನಿಂತು, ಶ್ರುತಿಕವೆ ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದು, ಹಾಡು ಎತ್ತಿಕೊಂಡ. ಮೊದಲ ಸಾಲಿಗೇ ನೆಸ್ಟಾಳಿಗೆ ತಿಳಿಯಿತು, ಅದು ಬ್ರಿನ್ ಐತಿನ್‌ನ ಕ್ಯಾರೊಲ್. ರೇಡಿಯೊದಲ್ಲಿ ಬಂದ ಮೇಲೆ ಎಲ್ಲರದೂ ಆಯಿತಲ್ಲ ಎಂದು ಆ ಮನುಷ್ಯ ಕೇಳಿ ಕೇಳಿ ಕಲಿತುಬಿಟ್ಟಿದ್ದ! ಒಂಬತ್ತು ಚರಣವೂ ಆಯಿತು. ಎಲಿಸ್ ಬೆಂಚಿಗೆ ಮರಳಿದ. ಇನ್ನೊಂದು ಮೇಳ ಎದ್ದು ಹಾಡಿತು. ಆಮೇಲೆ ಇಡೀ ಚರ್ಚಿನ ಕಣ್ಣು ಇದ್ವಲನ ಬೆಂಚಿನ ಕಡೆ. ಇದ್ವಲ್ ತಲೆ ತಗ್ಗಿಸಿ ಕೂತೇ ಇದ್ದ. ಕೊನೆಗೆ ಪಾದ್ರಿ ಎದ್ದು ಪ್ರಾರ್ಥನೆ ಹೇಳಿದರು.

ಆಮೇಲೆ ಊರಿನ ಹಾಲ್‌ನಲ್ಲಿ ಊಟಕ್ಕೆ ಕೂತಾಗ ಅಪ್ಪ ಹ್ಯಾಮ್ ತಿಂದ, ಹಿಮದ ಮಾತಾಡಿದ, ಮನೆಗೆ ಬಂದ. ಒಂದು ಕಟು ಮಾತಿಲ್ಲ. ಬೈದಿದ್ದರೆ ನೆಸ್ಟಾಳಿಗೆ ಹಗುರವಾಗುತ್ತಿತ್ತು. ಬೈಯದೆ ಉಳಿದದ್ದೇ ಅವಳಿಗೆ ಹೊರೆಯಾಯಿತು. ಅವತ್ತಿನಿಂದ ಪ್ರತಿ ವರ್ಷ ಅಪ್ಪ ಪ್ಲಗೈನ್‌ಗೆ ಹೋಗುತ್ತಿದ್ದ, ಕೂತು ಕೇಳುತ್ತಿದ್ದ, ಮುಂದೆ ಮಾತ್ರ ಹೋಗುತ್ತಿರಲಿಲ್ಲ. ಅವನ ತಮ್ಮ ತೀರಿಕೊಂಡ, ದಾಯಾದಿಯೂ ಹೋದ.

ನೆಸ್ಟಾ ತನಗೆ ತಾನೇ ಒಂದು ಶಿಕ್ಷೆ ಹಾಕಿಕೊಂಡಳು. ವೇದಿಕೆಯ ಮೇಲೆ ಆ ಹಾಡನ್ನು ಒಮ್ಮೆಯೂ ನುಡಿಸಲಿಲ್ಲ. ತಂಡಕ್ಕೆ ಹೆಸರು ತಂದ ಹಾಡು! ಎಲ್ಲಿ ಹೋದರೂ ಜನ "ಕ್ಯಾರೊಲ್! ಕ್ಯಾರೊಲ್!" ಎಂದು ಕಿರುಚುತ್ತಿದ್ದರು. ಇವಳು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳು. ಕಂಪನಿಯ ಗಂಡ ಹೆಂಡತಿ ಕಾಗದ ಬರೆದು ಕೇಳಿದರು, ಆಗಲ್ಲವೆಂದಳು. ಗೆತಿನ್‌ಗೆ, ಮಾಲ್ಡ್ವಿನ್‌ಗೆ ಸಂಕಟವಾಗಿರಲೇಬೇಕು. ಆದರೆ ಇಬ್ಬರೂ ಒಂದು ದಿನಕ್ಕೂ ಯಾಕೆ ಎಂದು ಕೇಳಿದವರಲ್ಲ. ಒಮ್ಮೆ ಬ್ಯಾಂಗರ್‌ನಲ್ಲಿ ಒಬ್ಬ ಕುಡುಕ ಬಾಟಲಿ ಎಸೆದು, "ಆ ಹಾಡು ಹಾಡದಿದ್ರೆ ಯಾಕ್ ಬಂದ್ರಿ?" ಎಂದು ಗಂಟಲು ಹರಿದುಕೊಂಡಾಗ ಮಾಲ್ಡ್ವಿನ್ ಮೈಕು ಎಳೆದುಕೊಂಡು, "ಅದರ ಡ್ರಮ್ಮು ನನಗೆ ಮರೆತುಹೋಗಿದೆ ವಾ" ಎಂದ. ನಮ್ಮ ಕಡೆ ಗಂಡಸರು ಗಂಡಸರನ್ನು ಕರೆಯುವುದು ಹಾಗೇ, ವಾ ಎಂದು. ಸುಳ್ಳನ್ನು ಅಷ್ಟು ಚಂದವಾಗಿ ಹೇಳಿದ್ದಕ್ಕೆ ನೆಸ್ಟಾ ಇವತ್ತಿಗೂ ಅವನನ್ನು ನೆನೆಯುತ್ತಾಳೆ.

ತಂಡದ ಮಿಕ್ಕ ಕತೆ ದೊಡ್ಡದೇನಲ್ಲ. ಎರಡು ಸಾವಿರದ ಒಂದರಲ್ಲಿ ಕಾಲುಬಾಯಿ ರೋಗ ಬಂದು ಒಕ್ಕಲುಗಳೆಲ್ಲ ಬಾಗಿಲು ಹಾಕಿದವು. ನೆಸ್ಟಾ ಐದು ತಿಂಗಳು ಗೇಟು ದಾಟಲಿಲ್ಲ. ಮೂರನೇ ರೆಕಾರ್ಡಿನ ಹಾಡುಗಳನ್ನು ಗೆತಿನ್ ಫೋನಿನಲ್ಲೇ ಹಾಡಿ ಒಪ್ಪಿಸಿದ, ಇವಳು ಅಡುಗೆಮನೆಯಲ್ಲಿ ಗಿಟಾರು ಹಿಡಿದು ಕಲಿತಳು. ಆಮೇಲೆ ಹಾಡು ಕವಿತೆಗಳ ಐಸ್ಟೆಡ್‌ವೊಡ್ ಹಬ್ಬದ ಮೈದಾನಗಳಲ್ಲಿ ಹಾಡಿದರು, ಎರಡು ಸಲ ಕಡಲು ದಾಟಿ ಬ್ರಿಟನಿ ಸೀಮೆಗೆ ಹೋಗಿ ಬಂದರು. ಗೆತಿನ್ ಮೇಷ್ಟರಾದ, ಮಾಲ್ಡ್ವಿನ್ ಮಿಲ್ಲಿನ ಮೇಲ್ವಿಚಾರಕನಾದ, ಕಾರ್ಯಕ್ರಮ ಕಡಿಮೆಯಾದವು. ಜಗಳವಾಡಿ ಒಡೆಯಲಿಲ್ಲ, ಒಡೆದೆವೆಂದು ಸಾರಲೂ ಇಲ್ಲ. ಗುರುವಾರ ಸಂಜೆ ಶೆಡ್ಡಿಗೆ ಬರುವುದಂತೂ ನಿಲ್ಲಲಿಲ್ಲ. ಕೆಲವು ಗುರುವಾರ ಗಿಟಾರು ಪೆಟ್ಟಿಗೆಯಿಂದ ಹೊರಗೇ ಬರುತ್ತಿರಲಿಲ್ಲ, ಮೂವರೂ ಚಹಾ ಕುಡಿದು ಮಂಡಿನೋವಿನ ಮಾತಾಡಿ ಏಳುತ್ತಿದ್ದರು.

ಅಂಥದೊಂದು ಗುರುವಾರ, ಹೋದ ವರ್ಷಕ್ಕೂ ಹಿಂದಿನ ನವೆಂಬರಿನಲ್ಲಿ, ಇದ್ವಲ್ ಕೋಲೂರಿಕೊಂಡು ಶೆಡ್ಡಿಗೆ ಬಂದ. ಎಂಬತ್ತೈದು ದಾಟಿತ್ತು. ಹೃದಯದ ಡಾಕ್ಟರು ಮೆಟ್ಟಿಲು ಹತ್ತಬೇಡ, ಗೇಟು ಎತ್ತಬೇಡ ಎಂದಿದ್ದರು. ಉಣ್ಣೆ ಚೀಲದ ಮೇಲೆ ಕೂತು ಉಸಿರು ತೆಗೆದುಕೊಂಡು, "ಈ ವರ್ಷ ಪ್ಲಗೈನ್‌ನಲ್ಲಿ ಮುಂದೆ ಹೋಗೋಣ ಅಂತಿದೀನಿ" ಎಂದ.

ನೆಸ್ಟಾ ಚಹಾದ ಲೋಟ ಕೆಳಗಿಟ್ಟಳು. "ಯಾರ ಜೊತೆ ಅಪ್ಪ?"

"ಚಿಕ್ಕಪ್ಪನ್ನ ಎಬ್ಬಿಸ್ಕೊಂಡು ಬರೋಕಾಗಲ್ಲವಲ್ಲ. ಇಲ್ಲಿ ಮೂರು ಜನ ಸುಮ್ನೆ ಕೂತಿದೀರಿ."

"ನನಗೆ ದೇವರ ಮೇಲೆ ಅಷ್ಟಾಗಿ ನಂಬಿಕೆ ಇಲ್ಲ ಇದ್ವಲ್" ಎಂದ ಮಾಲ್ಡ್ವಿನ್, ಮುಜುಗರದಿಂದ.

"ಅದು ನೀನು, ಅವನು ಇಬ್ಬರೇ ಮಾತಾಡ್ಕೊಳ್ಳಿ. ನನಗೆ ನಿನ್ನ ಕೆಳದನಿ ಬೇಕು."

ಅಭ್ಯಾಸ ಶುರುವಾಯಿತು. ಮೂವತ್ತು ವರ್ಷ ಮೈಕು, ದೀಪ, ಗದ್ದಲದಲ್ಲಿ ಹಾಡಿದವರಿಗೆ ಬರಿಗಂಟಲಲ್ಲಿ ಹಾಡುವುದು ಬಟ್ಟೆಯಿಲ್ಲದೆ ಸಂತೆಗೆ ಹೋದ ಹಾಗಾಯಿತು. ಮಾಲ್ಡ್ವಿನ್‌ನ ಕಾಲು ತಾಳ ಕುಟ್ಟುವುದನ್ನು ಬಿಡಲೊಲ್ಲದು. "ಕಾಲು ಕಟ್ಟಿ ಹಾಕ್ಲೇನೋ?" ಎಂದ ಇದ್ವಲ್. ಗೆತಿನ್ ಸಾಲಿನ ಕೊನೆಯನ್ನು ಎಳೆದು ನಡುಗಿಸಿ ಅಲಂಕಾರ ಮಾಡಿದರೆ, "ಕ್ಯಾರೊಲ್ ಹಾಡ್ತಿದೀಯೋ, ಹೋರಿ ಮಾರ್ತಿದೀಯೋ?" ಎಂದ. ಬೈಯುತ್ತ ಬೈಯುತ್ತ ಮುದುಕನ ಮುಖಕ್ಕೆ ಕಳೆ ಬಂತು. ಆದರೆ ಐದನೇ ಚರಣ ದಾಟಿದರೆ ಉಸಿರು ಸಾಲುತ್ತಿರಲಿಲ್ಲ. ಮಾಲ್ಡ್ವಿನ್ ಅವನ ದನಿಗೆ ಜೋತುಬಿದ್ದು ಹಾಡುವವ. ಅವನು ನಿಲ್ಲಿಸಿದರೆ ಇವನೂ ದಾರಿ ತಪ್ಪುತ್ತಿದ್ದ.

ನೆಸ್ಟಾಳ ಚಿಂತೆ ಅದಲ್ಲ. ಆ ಕ್ಯಾರೊಲ್ ಈಗ ವೇಲ್ಸಿನ ತುಂಬ ಹರಡಿತ್ತು, ಶಾಲೆ ಕಾಲೇಜಿನ ಮಕ್ಕಳ ಬಾಯಲ್ಲೂ ಇತ್ತು. ನಮ್ಮ ಚರ್ಚಿನಲ್ಲಿ ಯಾರಾದರೂ ಮೊದಲು ಎದ್ದು ಅದನ್ನು ಹಾಡಿಬಿಟ್ಟರೆ ಅಪ್ಪ ಮತ್ತೆ ಕೂತಲ್ಲೇ ಕೂರಬೇಕು. ಮುಂದಿನ ವರ್ಷ ಎಂಬುದು ಅಪ್ಪನಿಗೆ ಇದೆಯೋ ಇಲ್ಲವೋ. ತಾನು ಕಸಿದದ್ದನ್ನು ತಾನು ಹಿಂದಿರುಗಿಸುವ ದಾರಿ ಇದೊಂದೇ ಎಂದು ಅವಳಿಗೆ ರಾತ್ರಿ ಹಗಲು ಅದೇ ಯೋಚನೆ.

"ಅಪ್ಪ, ನಾವೇ ಮೊದಲು ಎದ್ದು ಹೋಗೋಣ."

"ಬ್ರಿನ್ ಐತಿನ್‌ನೋರು ಕೊನೇಲಿ ಹೋಗೋದು."

"ಈ ಒಂದ್ಸಲ."

"ಹಸಿದ ನಾಯಿ ಹಾಗೆ ಮುಂದೆ ನುಗ್ಗೋಕೆ ನಮ್ಮಪ್ಪ ನನಗೆ ಕಲಿಸಿಲ್ಲ. ನೀವು ಶುರು ಮಾಡ್ಬೇಡಿ."

ತಡೆಯಲಾರದೆ ನೆಸ್ಟಾ ಒಂದು ಶನಿವಾರ ಎಲಿಸನ ಮನೆಗೆ ಹೋದಳು. ಎಪ್ಪತ್ತೊಂಬತ್ತರ ಎಲಿಸ್ ಅಂಗಳದಲ್ಲಿ ಕೂತು ಕತ್ತರಿ ಸಾಣೆ ಹಿಡಿಯುತ್ತಿದ್ದ. ಅವಳು ನಿಂತೇ ವಿಷಯ ಹೇಳಿದಳು. ಅಪ್ಪನ ಉಸಿರಿನದು, ಅಭ್ಯಾಸದ್ದು, ಎಲ್ಲ. ಕೊನೆಗೆ, "ಎಲಿಸ್ ಮಾಮ, ಈ ಸಲ ನೀವು ಏನು ಹಾಡ್ತೀರಿ?" ಎಂದಳು.

ಎಲಿಸ್ ಸಾಣೆ ನಿಲ್ಲಿಸಲಿಲ್ಲ. "ಏನಂದೆ?"

"ಏನು ಹಾಡ್ತೀರಿ ಅಂತ."

"ಇದನ್ನ ಕೇಳೋ ಹಾಗಿಲ್ಲ ಹುಡುಗಿ. ನಮ್ಮಪ್ಪ ಕೂಡ ನಿಮ್ಮಜ್ಜನ್ನ ಕೇಳಿಲ್ಲ. ಹೋಗು, ಕುರಿಗೆ ಮೇವು ಹಾಕೋ ಹೊತ್ತಾಯ್ತು."

ನಲವತ್ತೇಳು ವರ್ಷದ ಹುಡುಗಿ ಮುಖ ಸಣ್ಣ ಮಾಡಿಕೊಂಡು ಹಿಂದಿರುಗಿದಳು. ಕಿವಿ ಸುಡುತ್ತಿತ್ತು. ಕಲ್ಲುಗುಂಡಿನಂಥ ಮನುಷ್ಯ ಎಂದು ದಾರಿಯುದ್ದಕ್ಕೂ ಅವನನ್ನು ಬೈದುಕೊಂಡಳು.

ಜನವರಿಯ ಆ ಭಾನುವಾರ ಸಂಜೆ ಏಳಕ್ಕೆ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದ್ವಲ್ ಕರಿ ಕೋಟು ಹಾಕಿಕೊಂಡಿದ್ದ. ಪಕ್ಕದಲ್ಲಿ ನೆಸ್ಟಾ, ಆಚೆ ಗೆತಿನ್, ತುದಿಯಲ್ಲಿ ಮಾಲ್ಡ್ವಿನ್. ಐದು ಸಾವಿರ ಜನರ ಮುಂದೆ ಬಾರಿಸಿದ ಮಾಲ್ಡ್ವಿನ್ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿ ಒರೆಸಿ ಇಡುತ್ತಿದ್ದ. ಒಂದು ಮೇಳ ಎದ್ದಿತು, ಹಾಡಿತು. ಮತ್ತೊಂದು. ಪ್ರತಿ ಸಲ ಯಾರಾದರೂ ಶ್ರುತಿ ಹಿಡಿದಾಗ ನೆಸ್ಟಾ ಉಸಿರು ಕಟ್ಟಿ ಕಾಯುತ್ತಿದ್ದಳು, ಬೇರೆ ಹಾಡೆಂದು ತಿಳಿದ ಮೇಲೆ ಬಿಡುತ್ತಿದ್ದಳು. ಎಲಿಸ್ ಎದ್ದಾಗ ಅವಳು ಕಣ್ಣೇ ಮುಚ್ಚಿದಳು. ಎಲಿಸ್ ತನ್ನ ಮನೆಯ ಹಳೆಯ ಕ್ಯಾರೊಲ್ಲನ್ನೇ ಹಾಡಿ ಬಂದು ನಡುದಾರಿಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತ. ಅಬ್ಬ, ಎಂದುಕೊಂಡಳು. ಊರ ಮೇಳಗಳೆಲ್ಲ ಮುಗಿದಿದ್ದವು. ಇನ್ನು ತಾವೇ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ನಾಲ್ಕು ಮಕ್ಕಳು ಎದ್ದರು. ಅಬೆರಿಸ್ಟ್‌ವಿತ್‌ನ ಕಾಲೇಜಿನವರು, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಪ್ಲಗೈನ್ ನೋಡಬೇಕೆಂದು ಆಸೆಪಟ್ಟು ಬಂದವರು. ಮುಂದಿದ್ದ ಹುಡುಗಿಯ ಕೋಟಿನ ಮೇಲೆ ಶೆಡ್ ಸಿಂಕ್‌ನ ಬಿಲ್ಲೆ! ನೆಸ್ಟಾ ಅದನ್ನು ನೋಡಿದಳು. ಆ ಹುಡುಗಿ ಯಾವ ಕ್ಯಾರೊಲ್ ಕಲಿತು ಬಂದಿರುತ್ತಾಳೆಂದು ಯಾರಾದರೂ ಹೇಳಬೇಕೇ?

ಮಕ್ಕಳು ನಡುದಾರಿಯಲ್ಲಿ ಬಂದರು. ಎಲಿಸನ ಬೆಂಚಿನ ಹತ್ತಿರ ಬಂದಾಗ ಮುದುಕ ತನ್ನ ಬೂಟುಗಾಲನ್ನು ಚಾಚಿ ದಾರಿಗೆ ಅಡ್ಡ ಇಟ್ಟ. ಕಿವಿ ಮಂದವಾದವರು ಮಾತಾಡುವ ದನಿಯಲ್ಲಿ, ಇಡೀ ಚರ್ಚಿಗೆ ಕೇಳುವಂತೆ, "ಏನು ಹಾಡ್ತೀರಿ?" ಎಂದ.

ಪಾದ್ರಿಯ ಕೈಯಲ್ಲಿದ್ದ ಪುಸ್ತಕ ಕೆಳಗೆ ಬಿತ್ತು. ಹುಡುಗಿ ಬೆಪ್ಪಾಗಿ ನಿಂತು, ಮೆಲ್ಲಗೆ ಹೇಳಿದಳು. ಅದೇ.

"ಬೇರೆ ಹಾಡಿ."

"ಇನ್ನೊಂದು ಬರತ್ತೆ... ಆದರೆ ಅದು ಅಷ್ಟು ಚೆನ್ನಾಗಿ ಬರಲ್ಲ."

"ಚೆನ್ನಾಗಿ ಬರದಿದ್ರೂ ಅಡ್ಡಿಯಿಲ್ಲ. ಅದನ್ನೇ ಹಾಡಿ. ಊಟಕ್ಕೆ ನನ್ನ ಪಕ್ಕ ಕೂತ್ಕೊಳ್ಳಿ, ಯಾಕೆ ಅಂತ ಹೇಳ್ತೀನಿ."

ಎಂಬತ್ತು ಹತ್ತಿರವಾದ ಎಲಿಸ್, ಹುಟ್ಟಿದಾಗಿನಿಂದ ಮುರಿಯದ ಕಟ್ಟಳೆಯನ್ನು ಇಡೀ ಊರಿನ ಎದುರು ಮುರಿದು, ಕತ್ತಿನವರೆಗೆ ಕೆಂಪಾಗಿ, ಕಾಲು ಹಿಂದಕ್ಕೆಳೆದುಕೊಂಡ. ನೆಸ್ಟಾ ಅವನನ್ನು ಬೈದುಕೊಂಡದ್ದನ್ನೆಲ್ಲ ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಳು. ಮಕ್ಕಳು ಹೆದರುತ್ತ ಹೆದರುತ್ತ ಇನ್ನೊಂದನ್ನು ಹಾಡಿದರು. ನಿಜಕ್ಕೂ ಚೆನ್ನಾಗಿ ಬರಲಿಲ್ಲ.

ಆಮೇಲೆ ಇದ್ವಲ್ ಎದ್ದ. ಕೋಲನ್ನು ಬೆಂಚಿಗೆ ಒರಗಿಸಿ ಮಗಳ ತೋಳು ಹಿಡಿದು ಮುಂದೆ ಹೋದ. ನಾಲ್ವರೂ ಹತ್ತಿರ ಹತ್ತಿರ ನಿಂತರು. ಶ್ರುತಿ ಕೊಟ್ಟವನು ಅವನೇ. ಮೊದಲ ಚರಣದಲ್ಲಿ ಗೆತಿನ್‌ನ ದನಿ ಸ್ವಲ್ಪ ನಡುಗಿತು, ಎರಡನೆಯದರಲ್ಲಿ ನೆಟ್ಟಗಾಯಿತು. ಇದ್ವಲನ ಹಳೆಯ ಕೆಳದನಿ ಕೆಳಗಿನಿಂದ ಎಲ್ಲವನ್ನೂ ಎತ್ತಿ ಹಿಡಿದಿತ್ತು. ಮೂರು, ನಾಲ್ಕು, ಐದು. ಆರನೇ ಚರಣ ಶುರುವಾದಾಗ ಪಕ್ಕದ ದನಿ ನಿಂತುಹೋಯಿತು. ನೆಸ್ಟಾ ಓರೆಗಣ್ಣಿನಲ್ಲಿ ನೋಡಿದಳು. ಅಪ್ಪ ತುಟಿ ಮುಚ್ಚಿ, ಕಣ್ಣು ಮುಚ್ಚಿ ನಿಂತಿದ್ದ. ಮಾಲ್ಡ್ವಿನ್ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನೆಸ್ಟಾಳ ಮುಖ ನೋಡಿದ. ಅವಳು ಮುಂದುವರಿಸು ಎಂದು ತಲೆಯಾಡಿಸಿದಳು, ವೇದಿಕೆಯ ಮೇಲೆ ತಾಳಕ್ಕೆ ಸಾವಿರ ಸಲ ಆಡಿಸಿದ ಹಾಗೆಯೇ. ಮಾಲ್ಡ್ವಿನ್ ಕೆಳದನಿಯನ್ನು ಒಬ್ಬನೇ ಹೊತ್ತುಕೊಂಡ. ಏಳು, ಎಂಟು, ಒಂಬತ್ತು. ಎಲ್ಲೂ ತಪ್ಪಲಿಲ್ಲ.

ಚಪ್ಪಾಳೆಯಿಲ್ಲ. ಮೌನದಲ್ಲೇ ನಾಲ್ವರೂ ಬೆಂಚಿಗೆ ಮರಳಿದರು. "ಯಾರೂ ಏನೂ ಅನ್ನಲ್ವಲ್ಲ, ಚೆನ್ನಾಗಿತ್ತಾ ಇಲ್ವಾ?" ಎಂದು ಮಾಲ್ಡ್ವಿನ್ ಪಿಸುಗುಟ್ಟಿದ. "ಬಾಯ್ಮುಚ್ಚು" ಎಂದ ಗೆತಿನ್, ಕಣ್ಣೊರೆಸಿಕೊಳ್ಳುತ್ತ.

ಊರಿನ ಹಾಲ್‌ನಲ್ಲಿ ಊಟ. ಹ್ಯಾಮ್, ಬೀಟ್‌ರೂಟ್ ಉಪ್ಪಿನಕಾಯಿ, ಬೆಣ್ಣೆ ಸವರಿದ, ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ರೊಟ್ಟಿ, ದೊಡ್ಡ ಕೆಟಲಿನಲ್ಲಿ ಚಹಾ. ಎಲಿಸ್ ಆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಕೈ ತಿರುಗಿಸಿ ತಿರುಗಿಸಿ ಕತೆ ಹೇಳುತ್ತಿದ್ದ. ನೆಸ್ಟಾ ಅಪ್ಪನ ತಟ್ಟೆಗೆ ರೊಟ್ಟಿ ಹಾಕಿ, ಎಷ್ಟೋ ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡಿದಳು.

"ಅಪ್ಪ, ಅವತ್ತು ನಿಮ್ಮನ್ನ ಕೇಳದೆ ರೆಕಾರ್ಡ್ ಮಾಡ್ದೆ. ನಿಮ್ಮ ಹಾಡು ಕಿತ್ಕೊಂಡೆ. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ಇದ್ವಲ್ ರೊಟ್ಟಿ ಅಗಿಯುತ್ತ ಅವಳನ್ನೇ ನೋಡಿದ. "ಯಾವತ್ತು?"

"ತೊಂಬತ್ತೊಂಬತ್ತರಲ್ಲಿ. ಎಲಿಸ್ ಹಾಡಿದ್ರಲ್ಲ. ನೀವು ಏಳಲೇ ಇಲ್ಲ."

"ಏಳೋದು ಹೇಗೆ? ಅಳ್ತಾ ಇದ್ದೆ."

"ಗೊತ್ತು ಅಪ್ಪ, ಅದಕ್ಕೇ..."

"ಏನು ಗೊತ್ತು ನಿನಗೆ? ಕೇಳಿಲ್ಲಿ. ನಲವತ್ತು ವರ್ಷ ಅದನ್ನ ಹಾಡ್ದೆ. ನಡುವೆ ನಿಂತು ಹಾಡೋನಿಗೆ ಕೇಳ್ಸೋದು ತನ್ನ ದನಿ ಮಾತ್ರ. ಅದು ಹೇಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ರೇಡಿಯೊದಲ್ಲಿ ಕೇಳಿದ್ದು ನಿಮ್ಮ ಡ್ರಮ್ಮಿನ ಗದ್ದಲದಲ್ಲಿ; ಬರಿಗಂಟಲಲ್ಲಿ ಅವತ್ತು ಮೊದಲ್ನೇ ಸಲ ಬೆಂಚ್ ಮೇಲೆ ಕೂತು ಪೂರ್ತಿ ಕೇಳ್ದೆ. ಇಷ್ಟು ಚೆನ್ನಾಗಿದೆಯಾ ಇದು ಅನ್ನಿಸ್ತು. ನಿನ್ನ ರೆಕಾರ್ಡು ಇಲ್ದಿದ್ರೆ ಕೇಳದೇ ಸಾಯ್ತಿದ್ದೆ ಕಣೇ."

ನೆಸ್ಟಾಳ ಕೈಯಲ್ಲಿದ್ದ ಚಾಕು ತಟ್ಟೆಯ ಮೇಲೆ ಹಾಗೇ ನಿಂತಿತು. "ಮತ್ತೆ ಇಷ್ಟು ವರ್ಷ ಯಾಕೆ ಮುಂದೆ ಹೋಗಲಿಲ್ಲ?"

"ಇನ್ನೊಂದ್ಸಲ ಕೇಳೋಣ ಅಂತ! ನಾನು ಹಾಡಿದ್ರೆ ಬೇರೆಯವರು ಹಾಡೋ ಹಾಗಿಲ್ಲವಲ್ಲ. ಎಲಿಸ್ ಹಾಡ್ಲಿ ಅಂತ ವರ್ಷಾವ್ರಿ ಕಾದೆ. ಆ ದಡ್ಡ ನಾಚ್ಕೊಂಡು ಮತ್ತೆ ಆ ಹಾಡಿನ ಸುದ್ದಿಗೇ ಹೋಗ್ಲಿಲ್ಲ. ಅವನನ್ನ ನೋಡಿ ಬೇರೆಯವರೂ ಬಿಟ್ರು. ಏನು ಹಾಡ್ತೀಯಾ ಅಂತ ನಾನು ಕೇಳೋ ಹಾಗಿಲ್ಲ. ಅದಕ್ಕೆ ಕೊನೆಗೆ ನಾನೇ ನಿಮ್ಮನ್ನೆಲ್ಲ ಕರ್ಕೊಂಡು ಹೋದೆ, ಅರ್ಧ ಹಾಡಿ ಅರ್ಧ ಕೇಳೋಣ ಅಂತ."

"ಆರನೇ ಚರಣದಲ್ಲಿ ಉಸಿರು ಸಾಲಲಿಲ್ಲ ಅಂದ್ಕೊಂಡೆ!"

"ಉಸಿರಿತ್ತು. ನಿಲ್ಲಿಸ್ದೆ. ನಿಮ್ಮ ಹುಡುಗ ಕೆಳದನಿ ಚೆನ್ನಾಗಿ ಹಿಡ್ದ." ಚಹಾ ಒಂದು ಗುಟುಕು ಕುಡಿದು, ಎಲಿಸ್ ಕೂತ ಕಡೆ ಗದ್ದ ತೋರಿಸಿ ಅಸಮಾಧಾನದಿಂದ ಹೇಳಿದ: "ಆ ಮಕ್ಕಳು ಹಾಡಿದ್ರೆ ಒಂಬತ್ತೂ ಚರಣ ಕೂತು ಕೇಳ್ತಿದ್ದೆ. ಅವನು ಕಾಲು ಅಡ್ಡ ಹಾಕ್ಬಿಟ್ಟ, ಕತ್ತೆ."

ನೆಸ್ಟಾಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ಎರಡನ್ನೂ ತಡೆಯಲು ಹೋಗಲಿಲ್ಲ. ಇಪ್ಪತ್ತನಾಲ್ಕು ವರ್ಷ ತಾನು ಹೊತ್ತ ಹೊರೆ, ಎಲಿಸ್ ಹೊತ್ತ ನಾಚಿಕೆ, ಅಪ್ಪ ಕಾದ ಕಾಯುವಿಕೆ! ಮೂವರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಆಗಿತ್ತು. ಬಿಡಲಿಲ್ಲ, ಒಬ್ಬರಿಗೊಬ್ಬರು ನೋವಾಗದಿರಲಿ ಎಂದೇ ಬಿಡಲಿಲ್ಲ. ಇಂಥ ಪೆದ್ದು ಜನರ ನಡುವೆ ಹುಟ್ಟಿಸಿದ್ದಕ್ಕೆ, ಇವರ ಶೆಡ್ಡು, ಇವರ ವ್ಯಾನು, ಇವರು ಕರೆದಿಟ್ಟ ಹಾಲಿನ ಮೇಲೆ ತನ್ನನ್ನು ಬೆಳೆಸಿದ್ದಕ್ಕೆ ಅವಳು, ಮಾಲ್ಡ್ವಿನ್‌ನ ಹಾಗೆ ತಾನೂ ಅಷ್ಟಾಗಿ ನಂಬದ ದೇವರಿಗೂ ಮನಸ್ಸಿನಲ್ಲೇ ಕೈ ಮುಗಿದಳು. ಆಮೇಲೆ ಬಾಯಿ ಬಿಟ್ಟು, "ದೊಡ್ಡ ಉಪಕಾರ ಆಯ್ತಪ್ಪ" ಎಂದಳು. ಬ್ರಿನ್ ಐತಿನ್‌ನವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

"ಯಾವುದಕ್ಕೆ?"

"ಹಾಲು ಕರೆದದ್ದಕ್ಕೆ."

ಇದ್ವಲ್ ತಟ್ಟೆ ನೋಡುತ್ತ ಕೂತ. ಅವನ ಕಿವಿಯೂ ಕೆಂಪಾಯಿತು. "ಹಸುಗೆ ಕೆಚ್ಚಲು ತುಂಬಿರತ್ತೆ. ಯಾರಾದ್ರೂ ಕರೀಬೇಕಲ್ಲ" ಎಂದ.

ಮರುವರ್ಷದ ಜನವರಿಯಲ್ಲಿ ಶೆಡ್ ಸಿಂಕ್‌ನ ಮೂವರು, ಆ ಬಿಲ್ಲೆಯ ಹುಡುಗಿ, ಎಲಿಸ್ ಐವರೂ ಸೇರಿ ಬ್ರಿನ್ ಐತಿನ್‌ನ ಕ್ಯಾರೊಲ್ ಹಾಡಿದರು, ಒಂಬತ್ತು ಚರಣವೂ. ಇದ್ವಲ್ ಮೊದಲ ಬೆಂಚಿನಲ್ಲಿ ಕೂತು ಕೇಳಿದ.